ಕ್ಲೋರಿನ್ನಿನ ಅವಸರ, ಬ್ರೋಮಿನ್ನಿನ ಆಯ್ಕೆ

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ ‘ಶಿಕ್ಷಣದ ಮಹತ್ವ’ದ ಬಗ್ಗೆ ಅರ್ಧ ಗಂಟೆ ಮಾತನಾಡಿ ಎಂದಿದ್ದರು. ಆ ವಿಷಯದ ಮೇಲೆ ಈ ವೇದಿಕೆಯಲ್ಲಿ ನನಗಿಂತ ಚೆನ್ನಾಗಿ ಮಾತನಾಡಿದವರು ಬಹಳ ಮಂದಿ ಇದ್ದಾರೆ. ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ನನಗೆ ಗೊತ್ತಿರುವುದು ಅದೊಂದೇ. ಆದ್ದರಿಂದ ಅವರ ಅನುಮತಿ ಪಡೆದು ಇವತ್ತು ಎರಡು ಅಂಕದ ಒಂದೇ ಒಂದು ಪ್ರಶ್ನೆಯ ಬಗ್ಗೆ ಮಾತನಾಡುತ್ತೇನೆ. ಹಿರಿಯರು ಬೇಸರಿಸಬಾರದು. ಮಧ್ಯದಲ್ಲಿ ಚಿನ್ನದ ವಿಷಯವೂ ಬರುತ್ತದೆ.

ನಾವು ಭಾನುವಾರ ನಡೆಸುವ ಉಚಿತ ತರಗತಿಗೆ ಪ್ರಥಮ ಪಿಯುಸಿಯ ಒಬ್ಬ ಹುಡುಗಿ ಬರುತ್ತಿದ್ದಳು. ಹೆಸರು ಹೇಳುವುದಿಲ್ಲ, ಅವಳಿಗೆ ಸಂಕೋಚವಾಗುತ್ತದೆ. ತಂದೆ ನಗರ್ತಪೇಟೆಯ ಒಂದು ಓಣಿಯಲ್ಲಿ ಒಡವೆಗಳಿಗೆ ಪಾಲಿಶ್ ಹಾಕುವ ಕೆಲಸಗಾರ. ಒಂದು ಭಾನುವಾರ ಅವಳು ಮಧ್ಯವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಬಂದಳು. ಕಣ್ಣು ಕೆಂಪಾಗಿತ್ತು. ಪ್ರಶ್ನೆ ಇದು: ‘ಐಸೋಬ್ಯೂಟೇನನ್ನು ಬೆಳಕಿನಲ್ಲಿ ಕ್ಲೋರಿನ್ ಜೊತೆ ವರ್ತಿಸಲು ಬಿಟ್ಟರೆ ಸಿಗುವ ಮುಖ್ಯ ಉತ್ಪನ್ನ ಯಾವುದು?’ ಅವಳು ಬರೆದದ್ದು 1-ಕ್ಲೋರೋ-2-ಮೀಥೈಲ್‌ಪ್ರೋಪೇನ್, ಅಂದರೆ ತುದಿಯ ಇಂಗಾಲಕ್ಕೆ ಕ್ಲೋರಿನ್ ಸೇರಿದ ವಸ್ತು. ಅದಕ್ಕೆ ಕೆಂಪು ಶಾಯಿಯ ಸೊನ್ನೆ ಬಿದ್ದಿತ್ತು. ಪಕ್ಕದಲ್ಲಿ ‘ತೃತೀಯಕವೇ ಹೆಚ್ಚು ಸ್ಥಿರ’ ಎಂದು ಬರೆದಿತ್ತು. ಅವಳ ಕಾಲೇಜು ಯಾವುದು, ಮೌಲ್ಯಮಾಪಕರು ಯಾರು ಎಂಬುದು ನಮಗೆ ಬೇಡ. ಆ ತಪ್ಪನ್ನು ನಾನೂ ಮೊದಲ ಮೂರ್ನಾಲ್ಕು ವರ್ಷ ಪಾಠದಲ್ಲಿ ಮಾಡಿದ್ದೇನೆ.

ಹೌದು, ತಪ್ಪು ಮೌಲ್ಯಮಾಪನದ್ದು. ಹುಡುಗಿ ಬರೆದದ್ದು ಸರಿ.

ಎರಡು ಅಂಕ ಹೋದರೆ ಏನಾಯಿತು ಎಂದು ನೀವು ಕೇಳಬಹುದು. ಅವಳ ಮನೆಯಲ್ಲಿ ಆಗಲೇ ಮಾತು ನಡೆದಿತ್ತು. ಅಂಕ ಸಾಲದಿದ್ದರೆ ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಹೋಗು, ಎರಡು ವರ್ಷದಲ್ಲಿ ಯಾವುದಾದರೂ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಗುತ್ತದೆ ಎಂದು. ತಂದೆಯನ್ನು ನಾನು ದೂರುವುದಿಲ್ಲ, ಅವರ ಕಷ್ಟ ಅವರಿಗೆ. ಆದರೆ ಆ ಹುಡುಗಿ ಅತ್ತದ್ದು ಅಂಕಕ್ಕಾಗಿ ಅಲ್ಲ. “ಸರ್, ನಾನು ಹೈಡ್ರೋಜನ್ ಎಣಿಸಿ ಬರೆದೆ. ಒಂಬತ್ತು ಕಡೆ ಒಂದು ಕಡೆಗಿಂತ ಹೆಚ್ಚಲ್ಲವೇ? ಎಣಿಸಿದ್ದು ತಪ್ಪಾದರೆ ಈ ವಿಷಯ ನನಗೆ ಯಾವತ್ತೂ ಅರ್ಥವಾಗುವುದಿಲ್ಲ” ಎಂದಳು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದಳು: “ಕ್ಲೋರಿನ್ ಬ್ರೋಮಿನ್‌ಗಿಂತ ಬಲಶಾಲಿ ಅಲ್ಲವೇ ಸರ್? ಹಾಗಾದರೆ ಅದೇ ಹೆಚ್ಚು ಚೆನ್ನಾಗಿ ಆರಿಸಿಕೊಳ್ಳಬೇಕಲ್ಲ?”

ಈ ಎರಡನೇ ಪ್ರಶ್ನೆಗೆ ಉತ್ತರ ಅವಳ ತಂದೆಯ ಕಾರ್ಖಾನೆಯಲ್ಲೇ ಇತ್ತು. ನಗರ್ತಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಹಿಂದಿನ ಓಣಿಗಳಲ್ಲಿ ಓಡಾಡಿದವರಿಗೆ ಆ ವಾಸನೆ ಗೊತ್ತಿರುತ್ತದೆ. ಹಳೆಯ ಒಡವೆಯಿಂದ ಶುದ್ಧ ಚಿನ್ನ ತೆಗೆಯಲು ನೈಟ್ರಿಕ್ ಆಸಿಡ್ ಬಳಸುತ್ತಾರೆ. ಹಿರಿಯರು ಅದನ್ನು ತೇಜಾಬು ಎನ್ನುತ್ತಾರೆ. ಅದು ಬೆಳ್ಳಿಯನ್ನೂ ತಾಮ್ರವನ್ನೂ ಕರಗಿಸಿಕೊಂಡು ಕಂದು ಹೊಗೆ ಬಿಡುತ್ತದೆ, ಚಿನ್ನವನ್ನು ಮಾತ್ರ ಮುಟ್ಟುವುದಿಲ್ಲ. ಚಿನ್ನದ ಪಾಲು ಹೆಚ್ಚಿದ್ದರೆ ಆಸಿಡ್ ಒಳಗೆ ಇಳಿಯಲಾರದು. ಅದಕ್ಕಾಗಿ ಮೊದಲೇ ಬೆಳ್ಳಿ ಇಲ್ಲವೇ ತಾಮ್ರ ಬೆರೆಸಿ ಕರಗಿಸಿ, ಚಿನ್ನವನ್ನು ಸುಮಾರು ಕಾಲು ಭಾಗಕ್ಕೆ ಇಳಿಸಿಕೊಳ್ಳುತ್ತಾರೆ. ಇನ್ನೊಂದು ದಾರಿ ರಾಜಾಮ್ಲ. ಮೂರು ಪಾಲು ಹೈಡ್ರೋಕ್ಲೋರಿಕ್ ಆಸಿಡ್‌ಗೆ ಒಂದು ಪಾಲು ನೈಟ್ರಿಕ್. ಅದರ ಬಲ ದೊಡ್ಡದು, ಚಿನ್ನವನ್ನೇ ಕರಗಿಸುತ್ತದೆ. ಆದರೆ ತಾಮ್ರವನ್ನೂ ಕರಗಿಸುತ್ತದೆ, ಬೆಳ್ಳಿಯನ್ನು ಬಿಳಿ ಕೆಸರಾಗಿ ತಳಕ್ಕೆ ಕೂರಿಸುತ್ತದೆ. ಆಮೇಲೆ ಆ ದ್ರಾವಣದಿಂದ ಚಿನ್ನವನ್ನು ಮತ್ತೆ ಬೇರ್ಪಡಿಸುವ ಕೆಲಸ ಬಾಕಿ ಉಳಿಯುತ್ತದೆ. ಎರಡರಲ್ಲಿ ಆರಿಸುವುದು ಯಾವುದು? ಬಲ ಕಡಿಮೆ ಇರುವುದು. “ಇದು ಅಬ್ಬಾಗೆ ಗೊತ್ತು ಸರ್” ಎಂದಳು ಹುಡುಗಿ. ಅಲ್ಲಿನ ಕ್ರಿಯೆ ಬೇರೆ, ನಮ್ಮ ಪಾಠದ ಕ್ರಿಯೆ ಬೇರೆ. ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸೋಣ.

ಈಗ ಪಾಠಕ್ಕೆ ಬರೋಣ. ಅದೇ ಕಾರ್ಖಾನೆಯಲ್ಲಿ ಬೆಸುಗೆಗೆ ಉರಿಸುವ ಎಲ್‌ಪಿಜಿ ಸಿಲಿಂಡರಿನಲ್ಲಿ ಮುಖ್ಯವಾಗಿ ಇರುವುದು ಪ್ರೋಪೇನ್, ಬ್ಯೂಟೇನ್, ಐಸೋಬ್ಯೂಟೇನ್. ಇವೇ ಆಲ್ಕೇನುಗಳು. ಇಂಗಾಲ ಮತ್ತು ಹೈಡ್ರೋಜನ್ ಮಾತ್ರ, ಅದೂ ಒಂಟಿ ಬಂಧಗಳಿಂದ. ಆಸಿಡ್, ಕ್ಷಾರ ಯಾವುದಕ್ಕೂ ಸುಲಭವಾಗಿ ಜಗ್ಗದ ವಸ್ತುಗಳು. ಇವುಗಳ ಒಂದು ಹೈಡ್ರೋಜನ್ ಕಿತ್ತು ಅಲ್ಲಿ ಹ್ಯಾಲೋಜನ್ ಕೂರಿಸುವುದನ್ನು ಆದೇಶನ ಕ್ರಿಯೆ ಎನ್ನುತ್ತೇವೆ. ಅದಕ್ಕೆ ಬೆಳಕು ಬೇಕು, ಇಲ್ಲವೇ ಶಾಖ ಬೇಕು. ಬೆಳಕು ಕ್ಲೋರಿನ್ ಅಣುವನ್ನು ಎರಡು ಪರಮಾಣುಗಳಾಗಿ ಸೀಳುತ್ತದೆ. ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಇಟ್ಟುಕೊಂಡು ಅಲೆಯುವ ಇಂತಹ ಪರಮಾಣು ಅಥವಾ ತುಣುಕಿಗೆ ಮುಕ್ತ ರ‍್ಯಾಡಿಕಲ್ ಎಂದು ಹೆಸರು. ಅದು ಆಲ್ಕೇನಿನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಹೈಡ್ರೋಜನ್ ಕಳೆದುಕೊಂಡ ಇಂಗಾಲ ತಾನೇ ರ‍್ಯಾಡಿಕಲ್ ಆಗಿ ಇನ್ನೊಂದು ಕ್ಲೋರಿನ್ ಅಣುವಿನಿಂದ ಒಂದು ಪರಮಾಣು ಸೆಳೆದುಕೊಳ್ಳುತ್ತದೆ. ಆಗ ಮತ್ತೊಂದು ಕ್ಲೋರಿನ್ ಪರಮಾಣು ಒಂಟಿಯಾಗುತ್ತದೆ. ಒಮ್ಮೆ ಬೆಳಕು ಬಿದ್ದರೆ ಈ ಸರಪಳಿ ಸಾವಿರಾರು ಸುತ್ತು ಹೋಗಬಹುದು. ಎರಡು ರ‍್ಯಾಡಿಕಲ್‌ಗಳು ಎದುರಾಗಿ ಕೈ ಹಿಡಿದಾಗ ಸರಪಳಿ ತುಂಡಾಗುತ್ತದೆ.

ಯಾವ ಹೈಡ್ರೋಜನ್ ಹೋಗುತ್ತದೆ ಎಂಬುದು ಕಿತ್ತುಕೊಳ್ಳುವ ಹೆಜ್ಜೆಯಲ್ಲೇ ನಿರ್ಧಾರವಾಗುತ್ತದೆ. ತುದಿಯ ಇಂಗಾಲದ ಹೈಡ್ರೋಜನ್ ಪ್ರಾಥಮಿಕ. ಎರಡು ಇಂಗಾಲಗಳ ನಡುವೆ ಸಿಕ್ಕ ಇಂಗಾಲದ್ದು ದ್ವಿತೀಯಕ. ಮೂರು ಇಂಗಾಲಗಳಿಗೆ ಅಂಟಿದ ಇಂಗಾಲದ್ದು ತೃತೀಯಕ. ಈ ಕ್ರಮದಲ್ಲಿ ಬಂಧ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಕೀಳುವುದು ಒಂದೊಂದು ಮೆಟ್ಟಿಲಿಗೆ ಮೋಲಿಗೆ ಸುಮಾರು ಹತ್ತು ಹನ್ನೆರಡು ಕಿಲೋಜೌಲ್‌ನಷ್ಟು ಸುಲಭ. ಮೌಲ್ಯಮಾಪಕರು ‘ತೃತೀಯಕವೇ ಹೆಚ್ಚು ಸ್ಥಿರ’ ಎಂದು ಬರೆದದ್ದು ಇದನ್ನೇ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು.

ಉಳಿದರ್ಧ ಅಂಕಿಗಳಲ್ಲಿದೆ. ಒಂದೊಂದು ಹೈಡ್ರೋಜನ್‌ಗೆ ಲೆಕ್ಕ ಹಾಕಿದರೆ, ಕೋಣೆಯ ಉಷ್ಣತೆಯಲ್ಲಿ ಕ್ಲೋರಿನ್ ಪ್ರಾಥಮಿಕ, ದ್ವಿತೀಯಕ, ತೃತೀಯಕ ಹೈಡ್ರೋಜನ್‌ಗಳನ್ನು ಕೀಳುವ ವೇಗ 1, 3.8, 5ರ ಪ್ರಮಾಣದಲ್ಲಿದೆ. ಬ್ರೋಮಿನ್‌ಗೆ 127 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದೇ ಪ್ರಮಾಣ 1, 82, 1600. ಕೋಣೆಯ ಉಷ್ಣತೆಯಲ್ಲಿ ಅದು ತೀರಾ ನಿಧಾನ, ಅದಕ್ಕೇ ಬಿಸಿ ಮಾಡಬೇಕು. ಈ ಆರು ಅಂಕಿಗಳನ್ನು ಬಾಯಿಪಾಠ ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಮ್ಮೆ ಕಣ್ಣಿಟ್ಟು ನೋಡಿ. 5 ಎಲ್ಲಿ, 1600 ಎಲ್ಲಿ!

ಐಸೋಬ್ಯೂಟೇನಿನಲ್ಲಿ ಒಂಬತ್ತು ಪ್ರಾಥಮಿಕ ಹೈಡ್ರೋಜನ್, ಒಂದು ತೃತೀಯಕ. ಕ್ಲೋರಿನ್‌ನ ಲೆಕ್ಕ ಹಾಕಿ. ಒಂಬತ್ತನ್ನು ಒಂದರಿಂದ ಗುಣಿಸಿದರೆ ಒಂಬತ್ತು. ಒಂದನ್ನು ಐದರಿಂದ ಗುಣಿಸಿದರೆ ಐದು. ಒಟ್ಟು ಹದಿನಾಲ್ಕರಲ್ಲಿ ಒಂಬತ್ತು ಪಾಲು ತುದಿಗೆ, ಐದು ಪಾಲು ನಡುವಿಗೆ. ಅಂದರೆ ಶೇಕಡಾ 64 ಹುಡುಗಿ ಬರೆದ ವಸ್ತು, 36 ಮೌಲ್ಯಮಾಪಕರ ವಸ್ತು. ಪ್ರಯೋಗದಲ್ಲೂ ಹೆಚ್ಚು ಕಡಿಮೆ ಹೀಗೇ ಸಿಗುತ್ತದೆ. ಈಗ ಬ್ರೋಮಿನ್ ಹಾಕಿ. ಒಂಬತ್ತಕ್ಕೆ ಎದುರಾಗಿ 1600. ಶೇಕಡಾ 99ಕ್ಕೂ ಹೆಚ್ಚು ನಡುವಿಗೇ ಹೋಗುತ್ತದೆ. ಪ್ರಶ್ನೆಯಲ್ಲಿ ಬ್ರೋಮಿನ್ ಎಂದಿದ್ದರೆ ಹುಡುಗಿಯ ಉತ್ತರ ತಪ್ಪು, ಮೌಲ್ಯಮಾಪಕರದು ಸರಿ. ಒಂದು ಪದದಲ್ಲಿ ಎಲ್ಲವೂ ತಿರುಗಿಬಿಡುತ್ತದೆ. ಆದರೆ ಪ್ರಶ್ನೆಯಲ್ಲಿದ್ದದ್ದು ಕ್ಲೋರಿನ್.

ಪ್ರೋಪೇನಿನಲ್ಲಿ ಕಥೆ ಇನ್ನೂ ಸ್ವಾರಸ್ಯ. ತುದಿಯಲ್ಲಿ ಆರು, ನಡುವೆ ಎರಡು. ಕ್ಲೋರಿನ್‌ಗೆ ಆರು ಮತ್ತು 7.6. ಹತ್ತಿರ ಹತ್ತಿರ ಸಮ, ಶೇಕಡಾ 44 ಮತ್ತು 56. ಯಾವುದೋ ಒಂದೇ ವಸ್ತು ಬೇಕಾದವನಿಗೆ ಇದು ಬರೀ ತಲೆನೋವು. ಬ್ರೋಮಿನ್‌ಗೆ ಆರು ಮತ್ತು 164. ಶೇಕಡಾ 96ಕ್ಕೂ ಮೇಲ್ಪಟ್ಟು ನಡುವಿನ ವಸ್ತು.

ಹೀಗೇಕೆ? ಇದನ್ನು ನಾನು ಚಿಕ್ಕಪೇಟೆಯ ವ್ಯಾಪಾರದಿಂದ ವಿವರಿಸುತ್ತೇನೆ. ಮದುವೆ ಸೀರೆ ಕೊಳ್ಳಲು ಇಬ್ಬರು ಬರುತ್ತಾರೆ. ಒಬ್ಬರ ಜೇಬು ತುಂಬಿದೆ. ಅಂಗಡಿ ಅಂಗಡಿಗೆ ಹತ್ತು ರೂಪಾಯಿ ವ್ಯತ್ಯಾಸವಿದ್ದರೂ ಲೆಕ್ಕಕ್ಕಿಲ್ಲ, ಮೊದಲು ಸಿಕ್ಕ ಅಂಗಡಿಗೆ ನುಗ್ಗುತ್ತಾರೆ. ಇನ್ನೊಬ್ಬರ ಕೈಯಲ್ಲಿ ಹಣ ಸಾಲದು. ಅವರಿಗೆ ಹತ್ತು ರೂಪಾಯಿಯೂ ದೊಡ್ಡದು, ಬೀದಿಯುದ್ದಕ್ಕೂ ವಿಚಾರಿಸಿಯೇ ಕೊಳ್ಳುತ್ತಾರೆ. ಮೀಥೇನಿನಿಂದ ಒಂದು ಹೈಡ್ರೋಜನ್ ಕೀಳಲು ಮೋಲಿಗೆ 439 ಕಿಲೋಜೌಲ್ ಖರ್ಚಾಗುತ್ತದೆ. ಕ್ಲೋರಿನ್ ಅದನ್ನು ತನ್ನ ಜೊತೆ ಕಟ್ಟಿಕೊಂಡಾಗ 431 ವಾಪಸು ಬರುತ್ತದೆ, ಬಹುತೇಕ ಪೂರ್ತಿ. ಬ್ರೋಮಿನ್ ಕಟ್ಟಿಕೊಂಡರೆ ಬರುವುದು 366 ಮಾತ್ರ. ಎಪ್ಪತ್ತಕ್ಕೂ ಹೆಚ್ಚು ಕಿಲೋಜೌಲ್ ಕೈಬಿಟ್ಟು ಹೋಗುತ್ತದೆ. ಹೀಗಾಗಿ ಎಲ್ಲಿ ಹತ್ತು ಕಿಲೋಜೌಲ್ ಉಳಿಯುತ್ತದೋ ಅಲ್ಲಿಗೇ ಅದು ಹೋಗಬೇಕು.

ಇದೇ ಮಾತನ್ನು 1955ರಲ್ಲಿ ಅಮೆರಿಕದ ಜಾರ್ಜ್ ಹ್ಯಾಮಂಡ್ ಶಾಸ್ತ್ರೀಯವಾಗಿ ಹೇಳಿದರು. ಪ್ರತಿ ಕ್ರಿಯೆಗೂ ದಾಟಬೇಕಾದ ಒಂದು ದಿಬ್ಬವಿದೆ. ದಿಬ್ಬದ ಎತ್ತರವೇ ಸಕ್ರಿಯಣ ಶಕ್ತಿ. ಶಕ್ತಿ ಖರ್ಚಾಗದ ಕ್ರಿಯೆಯಲ್ಲಿ ದಿಬ್ಬದ ತುದಿ ದಾರಿಯ ಆರಂಭದಲ್ಲೇ ಬರುತ್ತದೆ. ಅಲ್ಲಿ ಹೈಡ್ರೋಜನ್ ಇನ್ನೂ ಇಂಗಾಲವನ್ನು ಬಿಟ್ಟಿರುವುದಿಲ್ಲ, ಆದ್ದರಿಂದ ಮುಂದೆ ಹುಟ್ಟುವ ರ‍್ಯಾಡಿಕಲ್ ಸ್ಥಿರವೋ ಅಲ್ಲವೋ ಎಂಬುದು ಅಷ್ಟಾಗಿ ತಟ್ಟುವುದಿಲ್ಲ. ಕ್ಲೋರಿನ್‌ನದು ಇಂತಹ ದಿಬ್ಬ. ಬ್ರೋಮಿನ್‌ನ ದಿಬ್ಬದ ತುದಿ ದಾರಿಯ ಕೊನೆಯಲ್ಲಿದೆ. ಅಲ್ಲಿಗೆ ಬರುವಷ್ಟರಲ್ಲಿ ಹೈಡ್ರೋಜನ್ ಬಹುಮಟ್ಟಿಗೆ ಕಿತ್ತುಬಂದಿರುತ್ತದೆ, ಹುಟ್ಟುವ ರ‍್ಯಾಡಿಕಲ್‌ನ ಸ್ಥಿರತೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಪ್ರೋಪೇನಿನ ತುದಿಗೂ ನಡುವಿಗೂ ಕ್ಲೋರಿನ್‌ನ ದಿಬ್ಬಗಳಲ್ಲಿ ವ್ಯತ್ಯಾಸ ಸುಮಾರು 4 ಕಿಲೋಜೌಲ್, ಬ್ರೋಮಿನ್‌ನಲ್ಲಿ ಸುಮಾರು 12. ಕೇಳಲು ಸಣ್ಣ ಅಂಕಿಗಳು. ಆದರೆ ಕೋಣೆಯ ಉಷ್ಣತೆಯಲ್ಲಿ ಆರು ಕಿಲೋಜೌಲ್‌ಗಿಂತ ತುಸು ಕಡಿಮೆ ವ್ಯತ್ಯಾಸವಾದರೂ ವೇಗ ಹತ್ತು ಪಟ್ಟು ಬದಲಾಗುತ್ತದೆ.

ಉಳಿದ ಇಬ್ಬರ ವಿಷಯ ಬೇಗ ಮುಗಿಸುತ್ತೇನೆ. ಫ್ಲೋರಿನ್ ಹೈಡ್ರೋಜನ್ ಕಿತ್ತಾಗ ಸುಮಾರು 130 ಕಿಲೋಜೌಲ್ ಲಾಭವೇ ಆಗುತ್ತದೆ. ಅದು ಯಾರನ್ನೂ ಕೇಳುವುದಿಲ್ಲ, ಪ್ರಮಾಣ 1, 1.2, 1.4. ಹತೋಟಿ ಇಲ್ಲದೆ ಬಿಟ್ಟರೆ ಸ್ಫೋಟ. ಅಯೋಡಿನ್‌ಗೆ ಸುಮಾರು 140 ನಷ್ಟ. ಅದು ಅಂಗಡಿಗೇ ಹೋಗುವುದಿಲ್ಲ.

ಈ ಅಂಕಿಗಳು ಯಾರೋ ಕುಳಿತಲ್ಲೇ ಬರೆದವಲ್ಲ. ಕ್ಲೋರಿನ್‌ನ ಲೆಕ್ಕವನ್ನು ಕ್ರಮವಾಗಿ ಹಾಕಿದವರು 1930ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಹಾಸ್, ಮೆಕ್‌ಬೀ ಮತ್ತು ವೆಬರ್. ಕ್ಲೋರಿನ್ ಬೆರೆಸಿ, ಬಂದ ಮಿಶ್ರಣವನ್ನು ಬಟ್ಟಿ ಇಳಿಸಿ ಬೇರ್ಪಡಿಸಿ ಅಳೆದರು. 300 ಡಿಗ್ರಿಯಲ್ಲಿ ಅವರಿಗೆ ಸಿಕ್ಕ ಪ್ರಮಾಣ 1, 3.25, 4.43. ಗಮನಿಸಿ, ಬಿಸಿ ಏರಿದಂತೆ ಆಯ್ಕೆ ಇನ್ನಷ್ಟು ಕುಗ್ಗಿದೆ. ಅದೇ ಪರ್ಡ್ಯೂಗೆ ಆಮೇಲೆ ನಮ್ಮ ಬಸವನಗುಡಿಯಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಒಬ್ಬ ಯುವಕ ಹೋಗಿ 1958ರಲ್ಲಿ ಪಿಎಚ್‌ಡಿ ಪಡೆದರು. ಅವರೇ ಸಿ.ಎನ್.ಆರ್. ರಾವ್. ನಗರ್ತಪೇಟೆಯಿಂದ ಸೆಂಟ್ರಲ್ ಕಾಲೇಜಿಗೆ ನಡೆದೇ ಹೋಗಬಹುದು ಎಂದು ನಾನು ಮಕ್ಕಳಿಗೆ ಆಗಾಗ ನೆನಪಿಸುತ್ತೇನೆ.

ಇನ್ನೊಂದು ವಿಷಯ ಪಠ್ಯದಲ್ಲಿ ಇರುವುದಿಲ್ಲ. 1950ರ ದಶಕದ ಕೊನೆಯಲ್ಲಿ ಗ್ಲೆನ್ ರಸೆಲ್ ಎಂಬ ವಿಜ್ಞಾನಿ ಕ್ಲೋರಿನ್ ಕ್ರಿಯೆಯನ್ನು ಬೆಂಜೀನ್ ಬೆರೆಸಿ ನಡೆಸಿದರು. ಬೆಂಜೀನ್ ಕ್ಲೋರಿನ್ ಪರಮಾಣುವನ್ನು ಸಡಿಲವಾಗಿ ಹಿಡಿದುಕೊಳ್ಳುತ್ತದೆ, ಅದರ ಆವೇಗ ತಗ್ಗುತ್ತದೆ. ಆಗ ಅದೇ ಕ್ಲೋರಿನ್ ತೃತೀಯಕವನ್ನು ಆರಿಸಿಕೊಳ್ಳುವುದು ಹಲವು ಪಟ್ಟು ಹೆಚ್ಚಿತು. ಹಾಗಾದರೆ ‘ಕ್ಲೋರಿನ್‌ಗೆ ಆಯ್ಕೆ ಇಲ್ಲ’ ಎಂಬುದೂ ಕಲ್ಲಿನ ಮೇಲೆ ಬರೆದ ಮಾತಲ್ಲ. ಯಾವ ಉಷ್ಣತೆ, ಯಾವ ದ್ರಾವಕ ಎಂದು ಕೇಳಿಯೇ ಉತ್ತರ ಹೇಳಬೇಕು.

ಇದೆಲ್ಲ ಪರೀಕ್ಷೆಗೆ ಮಾತ್ರವೇ ಎಂದರೆ, ಅಲ್ಲ. ಎಸ್.ಪಿ. ರಸ್ತೆಗೆ ಹೋಗಿ ಒಂದು ಸುರುಳಿ ಅಗ್ಗದ ವಿದ್ಯುತ್ ತಂತಿ ಕೊಳ್ಳಿ. ಮೇಲಿನ ಪಿವಿಸಿ ಹೊದಿಕೆಯನ್ನು ಮೆತ್ತಗಾಗಿಸಲು, ಬೆಂಕಿ ಬೇಗ ಹತ್ತದಂತೆ ಮಾಡಲು ಕ್ಲೋರಿನೀಕರಿಸಿದ ಪ್ಯಾರಾಫಿನ್ ಎಂಬ ಎಣ್ಣೆಯಂತಹ ವಸ್ತುವನ್ನು ಬೆರೆಸುವುದುಂಟು. ಭಾರತದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತದೆ. ಉದ್ದ ಸರಪಳಿಯ ಆಲ್ಕೇನುಗಳಿಗೆ ಕ್ಲೋರಿನ್ ಹಾಯಿಸುವುದೇ ತಯಾರಿಕೆ. ತೂಕದಲ್ಲಿ ಶೇಕಡಾ 30ರಿಂದ 70ರವರೆಗೆ ಕ್ಲೋರಿನ್ ಸೇರಿಸುತ್ತಾರೆ. ಎಲ್ಲಿ ಸೇರಿತು ಎಂದು ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಆ ಕೆಲಸಕ್ಕಿಲ್ಲ. ಇಲ್ಲಿ ಕ್ಲೋರಿನ್‌ನ ಅವಸರವೇ ಅನುಕೂಲ. ಆದರೆ ಹೊರಬರುವುದು ಒಂದು ವಸ್ತುವಲ್ಲ, ಸಾವಿರಾರು ವಸ್ತುಗಳ ಕಲಸುಮೇಲೋಗರ. ಮಣ್ಣಿನಲ್ಲಿ, ಮೀನಿನಲ್ಲಿ, ಮನುಷ್ಯರ ದೇಹದಲ್ಲಿ ಅದು ಸಿಕ್ಕಾಗ ಯಾವುದು ಎಷ್ಟಿದೆ ಎಂದು ಅಳೆಯುವುದೇ ಪ್ರಯೋಗಾಲಯಗಳಿಗೆ ಕಷ್ಟವಾಗಿದೆ. ಇವುಗಳಲ್ಲಿ ಗಿಡ್ಡ ಸರಪಳಿಯವನ್ನು 2017ರಲ್ಲಿ, ಮಧ್ಯಮ ಸರಪಳಿಯವನ್ನು 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, ಸೇರಿಸಲಾಯಿತು.

ಹಾಗಾದರೆ ಬ್ರೋಮಿನ್ ಒಳ್ಳೆಯದು, ಕ್ಲೋರಿನ್ ಕೆಟ್ಟದ್ದು ಎನ್ನೋಣವೇ? ಕೆಲವು ಉಪನ್ಯಾಸಕರು ಈ ಪಾಠವನ್ನು ನೀತಿಕಥೆ ಮಾಡಿಬಿಡುತ್ತಾರೆ: ‘ಬ್ರೋಮಿನ್‌ನಂತೆ ವಿವೇಚನೆಯಿಂದ ಬಾಳಿರಿ’ ಎಂದು. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ತಲೆಯ ಮೇಲೆ ವಾಯುಮಂಡಲದ ಎತ್ತರದಲ್ಲಿ ಓಜೋನ್ ಪದರವಿದೆಯಲ್ಲ, ಅಲ್ಲಿ ಏನಾಗುತ್ತದೆ ನೋಡಿ. ಹಳೆಯ ಫ್ರಿಜ್ಜುಗಳಲ್ಲಿ, ಜೆ.ಸಿ. ರಸ್ತೆಯ ಗ್ಯಾರೇಜುಗಳಲ್ಲಿ ಕಾರುಗಳ ಏಸಿಗೆ ತುಂಬುತ್ತಿದ್ದ ಆರ್-12 ಎಂಬ ಅನಿಲದಲ್ಲಿ ಕ್ಲೋರಿನ್ ಇತ್ತು. ಅಂತಹ ಅನಿಲಗಳು ಮೇಲೇರಿ, ಬಿಸಿಲಿಗೆ ಒಡೆದು, ಕ್ಲೋರಿನ್ ಪರಮಾಣು ಬಿಡುತ್ತವೆ, ಅದು ಓಜೋನನ್ನು ನಾಶ ಮಾಡುತ್ತದೆ ಎಂದು 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ಎಚ್ಚರಿಸಿದರು. 1995ರಲ್ಲಿ ಕ್ರುಟ್ಜೆನ್ ಅವರೊಂದಿಗೆ ಅವರಿಬ್ಬರಿಗೂ ನೊಬೆಲ್ ಬಂತು. ಒಂದು ಕ್ಲೋರಿನ್ ಪರಮಾಣು ಸಾವಿರಾರು ಓಜೋನ್ ಅಣುಗಳನ್ನು ಮುಗಿಸಬಲ್ಲದು. ಆದರೆ ಅಲ್ಲಿ ಮೀಥೇನ್ ಕೂಡ ಇದೆ. ಕ್ಲೋರಿನ್ ತನ್ನ ಸ್ವಭಾವದಂತೆ ಅದರ ಹೈಡ್ರೋಜನನ್ನೂ ಕಿತ್ತುಕೊಂಡು ಹೈಡ್ರೋಜನ್ ಕ್ಲೋರೈಡ್ ಆಗಿ ಕುಳಿತುಬಿಡುತ್ತದೆ. ಅಷ್ಟು ಕಾಲ ಓಜೋನ್‌ಗೆ ಬಿಡುವು.

ಬ್ರೋಮಿನ್‌ಗೆ ಮೀಥೇನ್ ಹಿಡಿಸುವುದಿಲ್ಲ. ಎಪ್ಪತ್ತು ಕಿಲೋಜೌಲ್‌ನ ನಷ್ಟ ಎಂದೆನಲ್ಲ, ಆ ಚಳಿಯಲ್ಲಿ ಅದನ್ನು ಭರಿಸುವುದು ಸಾಧ್ಯವೇ ಇಲ್ಲ. ಅದು ಮೀಥೇನನ್ನು ಬಿಟ್ಟು ಓಜೋನ್ ನಾಶದಲ್ಲೇ ತೊಡಗಿರುತ್ತದೆ. ಒಂದು ಪರಮಾಣುವಿಗೆ ಒಂದರಂತೆ ಹೋಲಿಸಿದರೆ ಬ್ರೋಮಿನ್ ಕ್ಲೋರಿನ್‌ಗಿಂತ ಸುಮಾರು ಅರವತ್ತು ಪಟ್ಟು ಹೆಚ್ಚು ಹಾನಿಕರ. ಅದಕ್ಕೆ ಬೇರೆ ಕಾರಣಗಳೂ ಸೇರಿವೆ, ಆದರೆ ಮುಖ್ಯವಾದದ್ದು ಈ ಆಯ್ಕೆಯ ಗುಣವೇ. ಬೆಂಕಿ ಆರಿಸಲು ಇಡುತ್ತಿದ್ದ ಹ್ಯಾಲಾನ್ ಅನಿಲ, ಗೋದಾಮುಗಳಲ್ಲಿ ಹುಳ ಕೊಲ್ಲಲು ಬಿಡುತ್ತಿದ್ದ ಮೀಥೈಲ್ ಬ್ರೋಮೈಡ್, ಎರಡರಲ್ಲೂ ಬ್ರೋಮಿನ್ ಇದೆ. ಹೀಗಾಗಿ ಅವುಗಳ ಮೇಲೂ 1987ರ ಮಾಂಟ್ರಿಯಲ್ ಒಪ್ಪಂದದ ಕಣ್ಣು ಬಿತ್ತು. ಭಾರತ ಆ ಒಪ್ಪಂದಕ್ಕೆ 1992ರಲ್ಲಿ ಸೇರಿತು. ನಮ್ಮಂತಹ ದೇಶಗಳಿಗೆ ಆರ್-12ರಂತಹ ಅನಿಲಗಳನ್ನೂ ಹ್ಯಾಲಾನನ್ನೂ ನಿಲ್ಲಿಸಲು 2010ರ ಗಡುವಿತ್ತು. ಪ್ರೋಪೇನಿನ ಪಾಠದಲ್ಲಿ ನೀವು ಓದುವ ಅದೇ ಸಾಲು, ಆಕಾಶದಲ್ಲಿ ಇಷ್ಟು ದೊಡ್ಡ ವ್ಯವಹಾರ ಮಾಡಿದೆ.

ಇನ್ನು ಆ ಹುಡುಗಿಯ ವಿಷಯ. ನಾನು ಒಂದು ಹಾಳೆಯಲ್ಲಿ ಒಂಬತ್ತು ಮತ್ತು ಐದರ ಲೆಕ್ಕ ಬರೆದುಕೊಟ್ಟು, ಉಪನ್ಯಾಸಕರ ಬಳಿ ವಿನಯದಿಂದ ಕೇಳು, ವಾದ ಮಾಡಬೇಡ ಎಂದು ಕಳಿಸಿದೆ. ಅವರು ನೋಡಿ, ಎರಡು ದಿನ ಬಿಟ್ಟು ತರಗತಿಯಲ್ಲೇ “ಈ ಹುಡುಗಿಯ ಉತ್ತರ ಸರಿ” ಎಂದು ಹೇಳಿದರಂತೆ. ಅಂಕಪಟ್ಟಿ ಆಗಲೇ ಕಚೇರಿಗೆ ಹೋಗಿದ್ದರಿಂದ ಎರಡು ಅಂಕ ಸಿಗಲಿಲ್ಲ. ಆದರೂ ಎಲ್ಲರೆದುರು ಹಾಗೆ ಒಪ್ಪಿಕೊಂಡ ಆ ಉಪನ್ಯಾಸಕರಿಗೆ ನಾನು ಇಲ್ಲಿಂದಲೇ ಗೌರವ ಸಲ್ಲಿಸುತ್ತೇನೆ. ಹುಡುಗಿ ಸೈನ್ಸ್‌ನಲ್ಲೇ ಉಳಿದಳು. ಮುಂದಿನ ಭಾನುವಾರ ಅವಳ ತಂದೆ ತರಗತಿಯ ಬಾಗಿಲಿಗೆ ಬಂದು ನಿಂತಿದ್ದರು. ಪಾಲಿಶ್ ಮಸಿ ಹಿಡಿದ ಬೆರಳುಗಳಲ್ಲಿ ಅದೇ ಹಾಳೆ ಇತ್ತು. “ಸಾಬ್, ಒಂಬತ್ತು ಅಂದರೆ ಒಂಬತ್ತೇ ಅಲ್ಲವಾ?” ಎಂದು ಕೇಳಿದರು. ಹೌದು ಎಂದೆ.

ಆ ದಿನ ಅವಳಿಗೆ ಕೊಟ್ಟ ಲೆಕ್ಕವನ್ನೇ ಈಗ ನಿಮಗೂ ಕೊಡುತ್ತೇನೆ. 2-ಮೀಥೈಲ್‌ಬ್ಯೂಟೇನ್ ತೆಗೆದುಕೊಳ್ಳಿ. ಅದರಲ್ಲಿ ಒಂದೇ ತರಹದ ಆರು ಪ್ರಾಥಮಿಕ ಹೈಡ್ರೋಜನ್, ಇನ್ನೊಂದು ತುದಿಯಲ್ಲಿ ಬೇರೆ ಮೂರು ಪ್ರಾಥಮಿಕ, ಎರಡು ದ್ವಿತೀಯಕ, ಒಂದು ತೃತೀಯಕ. ಒಂದೇ ಒಂದು ಕ್ಲೋರಿನ್ ಸೇರಿದರೆ ನಾಲ್ಕು ಬಗೆಯ ವಸ್ತುಗಳು ಬರುತ್ತವೆ. ಯಾವುದು ಶೇಕಡಾ ಎಷ್ಟು? ಕ್ಲೋರಿನ್ ಬದಲು ಬ್ರೋಮಿನ್ ಆದರೆ ಎಷ್ಟು? ಅಂಕಿಗಳು ಹಲಗೆಯ ಮೇಲಿವೆ, ಬರೆದುಕೊಳ್ಳಿ. ಉತ್ತರವನ್ನು ಭಾನುವಾರ ಹತ್ತು ಗಂಟೆಗೆ ತನ್ನಿ, ಕ್ಯಾಲ್ಕುಲೇಟರ್ ಇಲ್ಲದೆ.